ಪರರ ಮಾತ್ರೆಗೆ ದುಡಿದ ವಿದ್ಯೆ ನಮ್ಮ ಹೊಲಕ್ಕೂ ದುಡಿಯಲಿ

ಗೋವಿನಜೋಳದ ಸುಳಿಯಲ್ಲಿ ಕೂತು ಎಲೆ ತಿನ್ನುವ ಲದ್ದಿ ಹುಳುವಿಗೂ 2005ರ ರಸಾಯನಶಾಸ್ತ್ರದ ನೊಬೆಲ್ ಪ್ರಶಸ್ತಿಗೂ ನಂಟಿದೆ ಎಂದರೆ ನಮ್ಮೂರ ಕಟ್ಟೆಯ ಮೇಲೆ ಕೂತವರು ನಕ್ಕಾರು. ಆದರೆ ನಂಟಿರುವುದು ನಿಜ. ಆ ಹುಳುವಿನ ಹೆಣ್ಣು ಪತಂಗ ಗಂಡನ್ನು ಕರೆಯಲು ರಾತ್ರಿ ಗಾಳಿಗೆ ಬಿಡುವ ವಾಸನೆಯನ್ನು ಕಾರ್ಖಾನೆಯಲ್ಲಿ ಕಡಿಮೆ ಖರ್ಚಿನಲ್ಲಿ, ಕಡಿಮೆ ಕಸದಲ್ಲಿ ತಯಾರಿಸುವ ದಾರಿ ತೆರೆದದ್ದು ಅದೇ ಪ್ರಶಸ್ತಿ ಪಡೆದ ಕೆಲಸ. ಆ ಕೆಲಸವೆಂದರೆ ಮೆಟಾಥೆಸಿಸ್ ಎಂಬ ರಾಸಾಯನಿಕ ಕ್ರಿಯೆ ಮತ್ತು ಅದನ್ನು ನಡೆಸುವ ವೇಗವರ್ಧಕಗಳು, ಅಂದರೆ ಕ್ಯಾಟಲಿಸ್ಟ್‌ಗಳು. ಈ ವಿದ್ಯೆ ಕರ್ನಾಟಕಕ್ಕೆ ಹೊಸದೇನೂ ಅಲ್ಲ, ಅದನ್ನು ಬಲ್ಲ ಕೈಗಳು ಬೆಂಗಳೂರಿನಲ್ಲೇ ಇವೆ. ಆ ಕೈಗಳು ಇಷ್ಟು ದಿನ ದುಡಿದದ್ದು ಹೊರದೇಶದ ಕಂಪನಿಗಳ ಮಾತ್ರೆಗಳಿಗೆ. ಅವು ನಮ್ಮ ಹೊಲಕ್ಕೂ ದುಡಿಯಬೇಕು, ಅದಕ್ಕೆ ಸರ್ಕಾರ ಹಣ ಇಡಬೇಕು ಎಂಬುದು ನನ್ನ ವಾದ.

ನಾನು ಹಾವೇರಿ ಜಿಲ್ಲೆಯವನು. ಬೆಂಗಳೂರಿನ ಹೊರವಲಯದ ಒಂದು ಕಾಂಟ್ರಾಕ್ಟ್ ಔಷಧ ಘಟಕದಲ್ಲಿ ಪ್ರೋಸೆಸ್ ಕೆಮಿಸ್ಟ್ ಆಗಿದ್ದು ನಿವೃತ್ತನಾದೆ. ಪ್ರಯೋಗಾಲಯದಲ್ಲಿ ಗ್ರಾಂ ಲೆಕ್ಕದಲ್ಲಿ ಆದದ್ದನ್ನು ರಿಯಾಕ್ಟರ್‌ನಲ್ಲಿ ಕಿಲೋ ಲೆಕ್ಕದಲ್ಲಿ ಮಾಡಿ ತೋರಿಸುವುದು ನನ್ನ ಕೆಲಸವಾಗಿತ್ತು. ಊರಿನ ಹೊಲ ನೋಡಿಕೊಳ್ಳುವವನು ಅಣ್ಣ. ಹಬ್ಬಕ್ಕೆ ಊರಿಗೆ ಹೋದರೆ ಮಾತೆಲ್ಲ ಹುಳುವಿನದೇ. ಹೀಗೆ ಕ್ಯಾಟಲಿಸ್ಟ್ ಬಾಟಲಿಯನ್ನೂ ಕಂಡು, ಹುಳು ತಿಂದ ಸುಳಿಯನ್ನೂ ಕಂಡವನು ನಾನು.

ಕ್ರಿಯೆ ಏನೆಂಬುದನ್ನು ಮೊದಲು ಹೇಳಿಬಿಡುತ್ತೇನೆ. ಇಂಗಾಲದ ಎರಡು ಪರಮಾಣುಗಳು ದ್ವಿಬಂಧದಿಂದ ಕೂಡಿರುವ ಅಣುಗಳಿಗೆ ಆಲ್ಕೀನ್ ಅಥವಾ ಓಲಿಫಿನ್ ಎನ್ನುತ್ತೇವೆ. ಪ್ಲಾಸ್ಟಿಕ್ಕಿಗೆ ಬೇಕಾದ ಎಥಿಲೀನ್, ಪ್ರೊಪಿಲೀನ್ ಈ ಕುಲದವು. ಶೇಂಗಾ ಎಣ್ಣೆ, ಹೊಂಗೆ ಎಣ್ಣೆಗಳಲ್ಲಿ ತುಂಬಿರುವ ಓಲಿಯಿಕ್ ಆಮ್ಲದಲ್ಲೂ ಅದೇ ದ್ವಿಬಂಧವಿದೆ. ಈ ಬಂಧ ಗಟ್ಟಿ, ಸುಮ್ಮನೆ ಮುರಿಯುವುದಿಲ್ಲ. ಮೆಟಾಥೆಸಿಸ್‌ನಲ್ಲಿ ಎರಡು ಆಲ್ಕೀನ್‌ಗಳ ದ್ವಿಬಂಧಗಳು ನಟ್ಟನಡುವೆ ಬಿಚ್ಚಿಕೊಂಡು, ಇದರ ಅರ್ಧ ಅದರ ಅರ್ಧಕ್ಕೆ ಸೇರಿ ಹೊಸ ದ್ವಿಬಂಧ ಕಟ್ಟಿಕೊಳ್ಳುತ್ತವೆ. ಕೋಲಾಟದಲ್ಲಿ ಕೋಲು ತಟ್ಟುತ್ತಲೇ ಜೋಡಿ ಬದಲಾಗುತ್ತದಲ್ಲ, ಹಾಗೆ. ಬದಲಾವಣೆ ಮಾಡಿಸುವುದು ಒಂದು ಲೋಹದ ಪರಮಾಣು. ಅದು ತಾನೂ ಒಂದು ಇಂಗಾಲವನ್ನು ಜೋಡಿಯಾಗಿ ಹಿಡಿದುಕೊಂಡೇ ಒಳಗೆ ಬರುತ್ತದೆ, ಬಂದ ಆಲ್ಕೀನ್ ಜೊತೆ ಸೇರಿ ನಾಲ್ಕು ಪರಮಾಣುಗಳ ಉಂಗುರವಾಗುತ್ತದೆ. ಉಂಗುರ ಬಿಚ್ಚಿದಾಗ ಅದರ ಜೋಡಿ ಬೇರೆ, ಆಲ್ಕೀನ್ ಬೇರೆ. ಲೋಹ ಮುಂದಿನ ಅಣುವಿನತ್ತ ಹೋಗುತ್ತದೆ.

ಇಷ್ಟು ತಿಳಿಯಲು ಎಷ್ಟು ವರ್ಷ ಹಿಡಿಯಿತು ಎಂಬುದು ನಮ್ಮ ಹಣಕಾಸು ಇಲಾಖೆಯವರು ಕೇಳಬೇಕಾದ ಕಥೆ. 1950ರ ದಶಕದಲ್ಲಿ ಅಮೆರಿಕದ ಡ್ಯೂಪಾಂಟ್‌ನಲ್ಲಿ ಹರ್ಬರ್ಟ್ ಎಲ್ಯುಟೇರಿಯೊ ಪ್ರೊಪಿಲೀನ್ ಅನಿಲವನ್ನು ಮಾಲಿಬ್ಡಿನಂ ಲೇಪಿಸಿದ ಅಲ್ಯೂಮಿನಾ ಮೇಲೆ ಹಾಯಿಸಿದರು. ಪ್ರೊಪಿಲೀನ್ ಮಾತ್ರ ಒಳಗೆ ಹೋಗಿತ್ತು, ಹೊರಗೆ ಬಂದದ್ದರಲ್ಲಿ ಎಥಿಲೀನ್ ಸೇರಿಕೊಂಡಿತ್ತು. 1964ರಲ್ಲಿ ಫಿಲಿಪ್ಸ್ ಪೆಟ್ರೋಲಿಯಂನ ಬ್ಯಾಂಕ್ಸ್ ಮತ್ತು ಬೇಲಿ ಪ್ರೊಪಿಲೀನ್‌ನಿಂದ ಎಥಿಲೀನ್ ಮತ್ತು ಬ್ಯುಟೀನ್ ಬರುವುದನ್ನು ಪ್ರಕಟಿಸಿದರು. ಎರಡೇ ವರ್ಷದಲ್ಲಿ ಕೆನಡಾದ ಶಾವಿನಿಗನ್‌ನಲ್ಲಿ ಅದರದೇ ಒಂದು ಕಾರ್ಖಾನೆ ಎದ್ದಿತು. 1972ರ ಹೊತ್ತಿಗೆ ಪ್ರೊಪಿಲೀನ್‌ಗೇ ಬೇಡಿಕೆ ಏರಿ ಕಾರ್ಖಾನೆ ಮುಚ್ಚಿತು. ಇವತ್ತು ಅದೇ ಕ್ರಿಯೆಯನ್ನು ಹಿಮ್ಮುಖವಾಗಿ ಓಡಿಸಿ ಎಥಿಲೀನ್, ಬ್ಯುಟೀನ್‌ಗಳಿಂದ ಪ್ರೊಪಿಲೀನ್ ತೆಗೆಯುತ್ತಾರೆ. 1977ರಿಂದ ಶೆಲ್ ಕಂಪನಿ ಡಿಟರ್ಜೆಂಟ್‌ಗೆ ಬೇಕಾದ ಉದ್ದ ಸರಪಳಿಗಳಿಗೆ ಇದನ್ನೇ ಬಳಸಿತು. ಹಣ ಬರುತ್ತಿತ್ತು, ಟನ್‌ಗಟ್ಟಲೆ ಮಾಲು ಬರುತ್ತಿತ್ತು. ಒಳಗೆ ಏನು ನಡೆಯುತ್ತಿದೆ ಎಂಬುದು ಮಾತ್ರ ಮೊದಲ ಹತ್ತು ಹದಿನೈದು ವರ್ಷ ಯಾರಿಗೂ ಗೊತ್ತಿರಲಿಲ್ಲ.

ಗುಟ್ಟು ಬಿಡಿಸಿದವರು ಪ್ಯಾರಿಸ್ ಪಕ್ಕದ ಫ್ರೆಂಚ್ ಪೆಟ್ರೋಲಿಯಂ ಸಂಸ್ಥೆಯ ಈವ್ ಶೋವಾಂ. ಲಿಯೋನಿನ ಕೈಗಾರಿಕಾ ರಸಾಯನಶಾಸ್ತ್ರ ಕಾಲೇಜಿನಲ್ಲಿ ಓದಿದವರು, ಪಿಎಚ್.ಡಿ. ಮಾಡಿರಲಿಲ್ಲ. 1971ರಲ್ಲಿ ತಮ್ಮ ಶಿಷ್ಯ ಜಾನ್-ಲೂಯಿ ಎರಿಸಾನ್ ಜೊತೆ ಫ್ರೆಂಚ್ ಭಾಷೆಯಲ್ಲಿ ಬರೆದ ಲೇಖನದಲ್ಲಿ ಅವರು ಮೇಲೆ ಹೇಳಿದ ನಾಲ್ಕು ಪರಮಾಣುಗಳ ಉಂಗುರವನ್ನು ಮುಂದಿಟ್ಟರು. ಅದುವರೆಗೆ ಎರಡು ಆಲ್ಕೀನ್‌ಗಳು ನೇರವಾಗಿ ಒಂದನ್ನೊಂದು ಹಿಡಿದುಕೊಳ್ಳುತ್ತವೆ ಎಂದೇ ಹೆಚ್ಚಿನವರು ನಂಬಿದ್ದರು. ಶೋವಾಂ ಲೆಕ್ಕದ ಪ್ರಕಾರ ಕೆಲಸ ಮಾಡುವುದು ಲೋಹ ಮತ್ತು ಇಂಗಾಲದ ಜೋಡಿ. ಹಾಗಿದ್ದರೆ ಆ ಜೋಡಿಯನ್ನೇ ಮೊದಲು ತಯಾರಿಸಿ ಬಾಟಲಿಯಲ್ಲಿ ಇಟ್ಟುಕೊಳ್ಳಬಹುದಲ್ಲ? ಅಲ್ಲಿಯವರೆಗೆ ಕ್ಯಾಟಲಿಸ್ಟ್ ಎಂದರೆ ಎರಡು ಮೂರು ಲವಣಗಳನ್ನು ಕಲಸಿ ಹಾಕಿ, ಏನಾಗುತ್ತದೋ ನೋಡುವ ಕೈಮದ್ದಾಗಿತ್ತು. ಅದನ್ನು ಅಳತೆಗೆ ತಕ್ಕಂತೆ ಕಟ್ಟುವ ಯೋಚನೆ ಹುಟ್ಟಿದ್ದು ಇಲ್ಲಿಂದ.

ಕಟ್ಟಿದವರು ಇಬ್ಬರು. ರಿಚರ್ಡ್ ಶ್ರಾಕ್ 1974ರಲ್ಲಿ ಡ್ಯೂಪಾಂಟ್‌ನಲ್ಲಿದ್ದಾಗ ಟ್ಯಾಂಟಲಂ ಲೋಹಕ್ಕೆ ಇಂಗಾಲವನ್ನು ದ್ವಿಬಂಧದಿಂದ ಕೂಡಿಸಿದ ಸಂಯುಕ್ತ ತಯಾರಿಸಿದರು. ಆಮೇಲೆ ಎಂಐಟಿಗೆ ಹೋಗಿ, 1990ರಲ್ಲಿ ಮಾಲಿಬ್ಡಿನಂನ ಕ್ಯಾಟಲಿಸ್ಟ್ ಕೊಟ್ಟರು. ಚುರುಕಾದದ್ದು, ಆದರೆ ಗಾಳಿ ತಾಗಿದರೆ ಕೆಡುತ್ತದೆ, ತೇವ ತಾಗಿದರೆ ಕೆಡುತ್ತದೆ. ಇನ್ನೊಬ್ಬರು ಕ್ಯಾಲ್ಟೆಕ್‌ನ ರಾಬರ್ಟ್ ಗ್ರಬ್ಸ್. ಕೆಂಟಕಿಯ ರೈತ ಕುಟುಂಬದವರು. ಕಾಲೇಜಿಗೆ ಸೇರಿದ್ದೇ ಕೃಷಿ ರಸಾಯನಶಾಸ್ತ್ರ ಓದಲು. ಹೋರಿಗಳ ಸಗಣಿ ವಿಶ್ಲೇಷಿಸುವ ಬೇಸಿಗೆ ರಜೆಯ ಕೆಲಸವನ್ನೂ ಮಾಡಿದ್ದರು. ಅವರು ಹಿಡಿದದ್ದು ರುಥೇನಿಯಂ ಲೋಹವನ್ನು. 1992ರಲ್ಲಿ ಮೊದಲ ಸಂಯುಕ್ತ, 1995ರಲ್ಲಿ ಇವತ್ತು ಮೊದಲ ಪೀಳಿಗೆ ಎನ್ನುವ ಗ್ರಬ್ಸ್ ಕ್ಯಾಟಲಿಸ್ಟ್, 1999ರಲ್ಲಿ ಅದಕ್ಕಿಂತ ಎಷ್ಟೋ ಚುರುಕಾದ ಎರಡನೇ ಪೀಳಿಗೆ. ಬಾಸ್ಟನ್ ಕಾಲೇಜಿನ ಅಮೀರ್ ಹೊವೇದಾ ಅದಕ್ಕೆ ಇನ್ನಷ್ಟು ಬಾಳಿಕೆ ತಂದರು. ಶ್ರಾಕ್ ಕ್ಯಾಟಲಿಸ್ಟ್‌ನಷ್ಟು ಹಟ ಇದಕ್ಕಿಲ್ಲ. ತೆರೆದ ಮೇಜಿನ ಮೇಲೆ ತೂಗಬಹುದು. ಅಣುವಿನ ಬೇರೆ ಭಾಗದಲ್ಲಿ ಆಲ್ಕೊಹಾಲೋ ಆಮ್ಲವೋ ಇದ್ದರೂ ಅದರ ತಂಟೆಗೆ ಹೋಗದೆ ದ್ವಿಬಂಧವನ್ನು ಮಾತ್ರ ಹುಡುಕಿಕೊಂಡು ಹೋಗುತ್ತದೆ. ಪೆಟ್ರೋಲಿಯಂನವರ ಕೈಯಲ್ಲಿದ್ದ ಕ್ರಿಯೆ ಔಷಧ ಮಾಡುವವರ ಕೈಗೆ ಬಂದದ್ದು ಈ ಗುಣದಿಂದ. 2005ರಲ್ಲಿ ಶೋವಾಂ, ಗ್ರಬ್ಸ್, ಶ್ರಾಕ್ ಮೂವರಿಗೂ ನೊಬೆಲ್ ಬಂತು.

ನನ್ನ ಕೈಗೆ ಅದು ಬಂದದ್ದು ಒಂದು ಚಿಕ್ಕ ಬಾಟಲಿಯಲ್ಲಿ. ಹೊವೇದಾ–ಗ್ರಬ್ಸ್ ಎರಡನೇ ಪೀಳಿಗೆ ಎಂಬ ಚೀಟಿ, ಒಳಗೆ ಹಸಿರು ಪುಡಿ. ಮೊದಲ ಪೀಳಿಗೆಯದಾದರೆ ಬಣ್ಣ ನೇರಳೆ. ಗ್ರಾಂಗೆ ಸಾವಿರಾರು ರೂಪಾಯಿಯ ಮಾಲಾದ್ದರಿಂದ ಫ್ರಿಜ್ಜಿಗೆ ಬೀಗ, ತೂಗಿದ್ದಕ್ಕೆ ಇಬ್ಬರ ಸಹಿ. ಅದರಿಂದ ನಾವು ಮಾಡಬೇಕಿದ್ದದ್ದು ಉಂಗುರ ಮುಚ್ಚುವ ಕೆಲಸ. ಒಂದು ಉದ್ದ ಅಣುವಿನ ಎರಡೂ ತುದಿಗಳಲ್ಲಿ ದ್ವಿಬಂಧ ಇರುತ್ತದೆ. ಕ್ಯಾಟಲಿಸ್ಟ್ ಆ ತುದಿಗಳನ್ನು ಬೆಸೆದು ದೊಡ್ಡ ಉಂಗುರ ಮಾಡುತ್ತದೆ, ನಡುವಿನಿಂದ ಎಥಿಲೀನ್ ಅನಿಲ ಹಾರಿಹೋಗುತ್ತದೆ. ಕಾಗದದ ಮೇಲೆ ಸಲೀಸು. ರಿಯಾಕ್ಟರ್‌ನಲ್ಲಿ ಒಂದು ಅಣುವಿನ ತಲೆ ತನ್ನ ಬಾಲವನ್ನು ಹಿಡಿಯುವ ಬದಲು ಪಕ್ಕದ ಅಣುವಿನ ಬಾಲ ಹಿಡಿದರೆ ಉಂಗುರದ ಬದಲು ಅಂಟು ಸಿಗುತ್ತದೆ. ಹಾಗಾಗದಿರಲು ಅಣುಗಳನ್ನು ದೂರ ದೂರ ಇಡಬೇಕು, ಅಂದರೆ ದ್ರಾವಕವನ್ನು ಸುರಿಯಬೇಕು. 0.01 ಮೋಲಾರ್ ದ್ರಾವಣದಲ್ಲಿ, ಅಣುತೂಕ 700ರ ಆಸುಪಾಸಿನ ಪದಾರ್ಥವಾದರೆ, ಸಾವಿರ ಲೀಟರ್ ಟಾಲ್ವೀನ್‌ಗೆ ಏಳೇ ಕಿಲೋ ಮಾಲು.

ಎಥಿಲೀನ್ ಹೊರಗೆ ಹೋಗದಿದ್ದರೆ ಕ್ರಿಯೆ ಹಿಂದಕ್ಕೂ ತಿರುಗುತ್ತದೆ, ಕ್ಯಾಟಲಿಸ್ಟೂ ಸಾಯುತ್ತದೆ. ಅದಕ್ಕೆ ತಳದಿಂದ ಬಿಡದೆ ನೈಟ್ರೋಜನ್ ಗುಳ್ಳೆ ಹಾಯಿಸುತ್ತಿದ್ದೆವು. ದ್ರಾವಕದಲ್ಲಿ ಅಮೈನ್‌ನ ಸೋಂಕು ಇದ್ದರೂ ಸಾಕು, ದುಬಾರಿ ಪುಡಿ ಅರ್ಧ ದಾರಿಯಲ್ಲಿ ಕೈಕೊಡುತ್ತಿತ್ತು. ಕ್ರಿಯೆ ಮುಗಿದ ಮೇಲೆ ರಿಯಾಕ್ಟರ್‌ನಲ್ಲಿರುವುದು ಕಡು ಕಂದು ಬಣ್ಣದ ಕಷಾಯ. ಆ ಬಣ್ಣ ಸತ್ತ ರುಥೇನಿಯಂನದು. ಬಾಯಿಯಿಂದ ತೆಗೆದುಕೊಳ್ಳುವ ಔಷಧದಲ್ಲಿ ಅದು ದಿನಕ್ಕೆ 100 ಮೈಕ್ರೋಗ್ರಾಂ ಮೀರುವಂತಿಲ್ಲ ಎಂಬುದು ಅಂತರರಾಷ್ಟ್ರೀಯ ನಿಯಮ. ಇದ್ದಿಲ ಪುಡಿಯಲ್ಲಿ ಸೋಸಿ, ಮತ್ತೆ ಸೋಸಿ, ರುಥೇನಿಯಂ ಎಷ್ಟು ಪಿಪಿಎಂ (ಹತ್ತು ಲಕ್ಷದಲ್ಲಿ ಎಷ್ಟು ಪಾಲು) ಉಳಿದಿದೆ ಎಂಬ ಕ್ವಾಲಿಟಿಯವರ ವರದಿಗೆ ಕಾಯುತ್ತಾ ಕೂರುವುದೇ ಶಿಫ್ಟಿನ ಅರ್ಧ ಕೆಲಸ. ಈ ಕಷ್ಟಗಳನ್ನು ದೊಡ್ಡ ಪ್ರಮಾಣದಲ್ಲಿ ಮೊದಲು ಎದುರಿಸಿದ್ದು ಜರ್ಮನಿಯ ಬೋರಿಂಗರ್ ಇಂಗೆಲ್‌ಹೈಮ್. ಹೆಪಟೈಟಿಸ್-ಸಿಗೆಂದು ಸಿಲುಪ್ರೆವಿರ್ ಎಂಬ ಉಂಗುರದ ಅಣುವನ್ನು ಅವರು ನೂರಾರು ಕಿಲೋ ಮಾಡಿದರು, ದ್ರಾವಕವನ್ನು ಹತ್ತು ಪಟ್ಟಿಗೂ ಹೆಚ್ಚು ಇಳಿಸುವ ಉಪಾಯ ಕಂಡುಹಿಡಿದರು. ಪ್ರಾಣಿಗಳ ಹೃದಯಕ್ಕೆ ತೊಂದರೆ ಕಂಡದ್ದರಿಂದ ಆ ಔಷಧ ಅಲ್ಲಿಗೇ ನಿಂತಿತು, ಉಪಾಯ ಉಳಿಯಿತು. 2013ರಲ್ಲಿ ಅಮೆರಿಕದಲ್ಲಿ ಒಪ್ಪಿಗೆ ಪಡೆದ ಸಿಮೆಪ್ರೆವಿರ್, 2022ರಲ್ಲಿ ಒಪ್ಪಿಗೆ ಪಡೆದ ರಕ್ತ-ಮಜ್ಜೆಯ ಕಾಯಿಲೆಯ ಪ್ಯಾಕ್ರಿಟಿನಿಬ್, ಇವುಗಳ ಉಂಗುರ ಮುಚ್ಚಿದ್ದು ಇದೇ ಕ್ರಿಯೆ.

ನನ್ನ ಘಟಕದಲ್ಲಿ ಹಸಿರು ಪುಡಿ ಹೊರದೇಶದಿಂದ ಬರುತ್ತಿತ್ತು, ವಿಧಾನದ ಕಾಗದ ಹೊರದೇಶದಿಂದ ಬರುತ್ತಿತ್ತು, ತಯಾರಾದ ಮಾಲು ಹೊರದೇಶಕ್ಕೆ ಹೋಗುತ್ತಿತ್ತು. ಇಲ್ಲಿ ಉಳಿದದ್ದು ನಮ್ಮ ಸಂಬಳ ಮತ್ತು ಕೈಯ ಪಳಗುವಿಕೆ. ಸಂಬಳ ಸಣ್ಣದಾಗಿರಲಿಲ್ಲ, ದೂರಿಲ್ಲ. ನಮ್ಮ ಅಧ್ಯಾಪಕರೂ ಈ ಕ್ರಿಯೆಯಲ್ಲಿ ಯಾರಿಗೂ ಕಡಿಮೆಯಲ್ಲ: ಭಾರತೀಯ ವಿಜ್ಞಾನ ಸಂಸ್ಥೆಯ ಎ. ಶ್ರೀಕೃಷ್ಣ ಅವರು ಸಸ್ಯಗಳಲ್ಲಿ ಸಿಗುವ ಟರ್ಪೀನ್‌ಗಳನ್ನು ಕಟ್ಟಲು ಇದನ್ನು ಬಳಸಿದವರು, ಐಐಟಿ ಬಾಂಬೆಯ ಸಾಂಬಶಿವರಾವ್ ಕೋಥಾ ಅವರ ತಂಡ ವರ್ಷಗಟ್ಟಲೆ ಇದರಲ್ಲೇ ಪಳಗಿದೆ. ಹೀಗೆ ಕಲಿತವರೂ ಇದ್ದಾರೆ, ಕೈಪಳಗಿದವರೂ ಇದ್ದಾರೆ. ಇಲ್ಲದಿರುವುದು ಅವರ ಮುಂದೆ ಇಡಬೇಕಾದ ನಮ್ಮದೇ ಆದ ಕೆಲಸ. ಅಂಥ ಕೆಲಸವೊಂದು ಹಾವೇರಿಯ ಹೊಲದಲ್ಲಿ ಬಿದ್ದಿದೆ.

ಮೊದಲಿಗೆ ಹೇಳಿದ ಲದ್ದಿ ಹುಳು ಅಮೆರಿಕ ಖಂಡದ ಸೈನಿಕ ಹುಳು, 2016ರಲ್ಲಿ ಅದು ಆಫ್ರಿಕಾದಲ್ಲಿ ಕಾಣಿಸಿತು. 2018ರ ಮೇ ತಿಂಗಳಲ್ಲಿ ಶಿವಮೊಗ್ಗದ ಕೃಷಿ ಮತ್ತು ತೋಟಗಾರಿಕೆ ವಿಶ್ವವಿದ್ಯಾಲಯದ ಕೀಟತಜ್ಞರು ಅದನ್ನು ಅಲ್ಲಿನ ಗೋವಿನಜೋಳದಲ್ಲಿ ಗುರುತಿಸಿದರು. ಭಾರತದಲ್ಲಿ ಅದು ಮೊದಲು ಸಿಕ್ಕಿಬಿದ್ದದ್ದು ನಮ್ಮಲ್ಲೇ. ಪತಂಗ ಒಂದು ರಾತ್ರಿಗೆ 100 ಕಿ.ಮೀ.ವರೆಗೂ ಹಾರಬಲ್ಲದು, ಒಂದು ಹೆಣ್ಣು ಸಾವಿರಕ್ಕೂ ಹೆಚ್ಚು ಮೊಟ್ಟೆ ಇಡುತ್ತದೆ. ಮರಿ ಹುಳು ಸುಳಿಯೊಳಗೆ ಇಳಿದು, ಮೇಲೆ ತನ್ನದೇ ಲದ್ದಿಯ ಬಿರಡೆ ಹಾಕಿಕೊಂಡು ತಿನ್ನುತ್ತದೆ. ಮೇಲಿನಿಂದ ಹೊಡೆದ ಔಷಧ ಎಲೆ ತೋಯಿಸುತ್ತದೆ, ಹುಳುವಿಗೆ ಮುಟ್ಟುವುದು ಕಡಿಮೆ. ಅಕ್ಕಿ ತೌಡಿಗೆ ಬೆಲ್ಲ ಕಲಸಿ, ವಿಷ ಬೆರೆಸಿ, ಚಿಟಿಕೆ ಚಿಟಿಕೆಯಾಗಿ ಸುಳಿಗೆ ಹಾಕುವ ಪದ್ಧತಿಯೂ ಬಂತು. ಅದಕ್ಕೆ ಆಳು ಬೇಕು, ಕೈಗವಸು ಬೇಕು. ಆಳು ಸಿಗುವುದಿಲ್ಲ, ಕೈಗವಸು ಹಾಕುವವರಿಲ್ಲ. "ತಮ್ಮಾ, ಎಣ್ಣಿ ಹೊಡದು ಹೊಡದು ರಟ್ಟಿ ಸೋತ್ವು, ಹುಳ ಮಾತ್ರ ಸುಳಿಯಾಗ ಆರಾಮ ಕುಂತೈತಿ" ಎನ್ನುತ್ತಾನೆ ಅಣ್ಣ. ಹೊಲದಲ್ಲಿ ಅವನು ಎರಡು ಮೋಹಕ ಬಲೆಗಳನ್ನೂ ಕಟ್ಟಿದ್ದ. "ಬಲಿಯಾಗ ಗಂಡು ಬೀಳ್ತಾವು. ಮೊಟ್ಟಿ ಇಡೂದು ಗಂಡೇನು?" ಎಂದು ಕೇಳಿದ.

ಅವನ ಪ್ರಶ್ನೆ ಸರಿಯಾದದ್ದು. ಬಲೆಯಲ್ಲಿರುವ ರಬ್ಬರ್ ಲೂರ್‌ಗೆ ಹೆಣ್ಣಿನ ವಾಸನೆ, ಅಂದರೆ ಫೆರೊಮೋನ್, ಹಚ್ಚಿರುತ್ತಾರೆ. ಕೀಟದ ಇಂಥ ವಾಸನೆಯೊಂದರ ರಚನೆಯನ್ನು ಮೊದಲು ಬಿಡಿಸಿದ್ದು 1959ರಲ್ಲಿ, ಜರ್ಮನಿಯ ಅಡಾಲ್ಫ್ ಬ್ಯುಟೆನಾಂಟ್. ಅದೂ ರೇಷ್ಮೆ ಪತಂಗದಿಂದ. ಸುಮಾರು ಐದು ಲಕ್ಷ ಹೆಣ್ಣು ಪತಂಗಗಳಿಂದ ಅವರಿಗೆ ಸಿಕ್ಕದ್ದು ಕೆಲವೇ ಮಿಲಿಗ್ರಾಂ. ಅಷ್ಟು ಸೂಕ್ಷ್ಮ ಪ್ರಮಾಣಕ್ಕೆ ಗಂಡು ಓಗೊಡುವುದರಿಂದಲೇ ಒಂದು ಲೂರ್‌ಗೆ ಎರಡು ಮಿಲಿಗ್ರಾಂನಷ್ಟು ಸಾಕಾಗುತ್ತದೆ. ಆದರೆ ಬಲೆ ಮುಖ್ಯವಾಗಿ ಹುಳು ಬಂದಿದೆಯೇ ಎಂದು ತಿಳಿಯುವ ಸಾಧನ. ಹುಳುವನ್ನು ತಡೆಯಬೇಕಾದರೆ ಇಡೀ ಹೊಲದ ಗಾಳಿಯಲ್ಲಿ ಆ ವಾಸನೆ ತುಂಬಿರಬೇಕು. ಆಗ ಗಂಡಿಗೆ ಹೆಣ್ಣು ಎಲ್ಲಿದೆ ಎಂದೇ ಗೊತ್ತಾಗದೆ ಮಿಲನ ತಪ್ಪುತ್ತದೆ, ಇಟ್ಟ ಮೊಟ್ಟೆ ಮರಿಯಾಗುವುದಿಲ್ಲ. ಸೇಬು, ದ್ರಾಕ್ಷಿ ತೋಟಗಳಲ್ಲಿ ಇದು ಹಲವು ದೇಶಗಳಲ್ಲಿ ದಶಕಗಳಿಂದ ನಡೆದಿದೆ.

ಲೆಕ್ಕ ನೋಡಿ. ಬಲೆಗಾದರೆ ಒಂದು ಕಿಲೋ ಫೆರೊಮೋನ್‌ನಲ್ಲಿ ಐದು ಲಕ್ಷ ಲೂರ್ ಆಗುತ್ತವೆ. ಬೆಲೆ ಎಷ್ಟಿದ್ದರೂ ಲೂರ್ ಒಂದಕ್ಕೆ ತಗಲುವುದು ಅಲ್ಪ. ಮಿಲನ ತಡೆಯುವ ವಿಧಾನಕ್ಕೆ ಹೆಕ್ಟೇರಿಗೆ ಗ್ರಾಂಗಟ್ಟಲೆ ಬೇಕು. 50 ಗ್ರಾಂ ಎಂದಿಟ್ಟುಕೊಂಡರೂ ಒಂದು ಕಿಲೋ 20 ಹೆಕ್ಟೇರಿಗೇ ಮುಗಿಯಿತು, ಒಂದು ಲಕ್ಷ ಹೆಕ್ಟೇರಿಗೆ ಐದು ಟನ್. ರಾಜ್ಯದಲ್ಲಿ ಗೋವಿನಜೋಳ ಬೆಳೆಯುವುದು ಹತ್ತು ಲಕ್ಷ ಹೆಕ್ಟೇರಿಗೂ ಮೀರಿ. ಸೇಬಿನ ತೋಟದವನು ತಾಳಿಕೊಳ್ಳುವ ಬೆಲೆಯನ್ನು ಗೋವಿನಜೋಳದವನು ತಾಳಲಾರ. ಹಾಗಾಗಿ ತಯಾರಿಕೆಯ ಖರ್ಚೇ ಇಲ್ಲಿ ನಿರ್ಣಾಯಕ.

ಲದ್ದಿ ಹುಳುವಿನ ಫೆರೊಮೋನ್‌ನ ಮುಖ್ಯ ಅಂಶ 14 ಇಂಗಾಲದ ಒಂದು ನೇರ ಸರಪಳಿ. ಒಂದು ತುದಿಯಲ್ಲಿ ಅಸಿಟೇಟ್, ಒಂಬತ್ತನೇ ಇಂಗಾಲದಲ್ಲಿ ದ್ವಿಬಂಧ, ಅದೂ ಸಿಸ್ ರೂಪದ್ದು, ಅಂದರೆ ಸರಪಳಿಯ ಎರಡೂ ಭಾಗ ಬಂಧದ ಒಂದೇ ಪಕ್ಕಕ್ಕೆ ಬಾಗಿದ್ದು. ಹಳೆಯ ದಾರಿಗಳಲ್ಲಿ ಒಂದು ವಿಟ್ಟಿಗ್ ಕ್ರಿಯೆ, ಬಿ.ಎಸ್ಸಿ. ಓದಿದವರೆಲ್ಲ ಬಾಯಿಪಾಠ ಮಾಡಿದ್ದು. ಅದರಲ್ಲಿ ಈ ಫೆರೊಮೋನ್‌ನ 254 ಗ್ರಾಂ ತಯಾರಾದರೆ ಅದರ ಜೊತೆಗೆ 278 ಗ್ರಾಂ ಟ್ರೈಫಿನೈಲ್ ಫಾಸ್ಫೀನ್ ಆಕ್ಸೈಡ್ ಎಂಬ ಕಸ ಬರುತ್ತದೆ. ಮಾಲಿಗಿಂತ ಕಸವೇ ಭಾರ. ಇನ್ನೊಂದು ದಾರಿಯಲ್ಲಿ ತ್ರಿಬಂಧ ಕಟ್ಟಿ, ಸೀಸದಿಂದ ಮಂದಗೊಳಿಸಿದ ಪಲ್ಲಾಡಿಯಂನಿಂದ ಅದನ್ನು ಅರ್ಧಕ್ಕೆ ಇಳಿಸಬೇಕು. ಎರಡೂ ಹಲವು ಹಂತಗಳ ಕೆಲಸ.

ಮೆಟಾಥೆಸಿಸ್ ದಾರಿ ಬೇರೆಯೇ. ಓಲಿಯಿಕ್ ಆಮ್ಲದಿಂದ ಬರುವ ಓಲೈಲ್ ಆಲ್ಕೊಹಾಲ್‌ನಲ್ಲಿ 18 ಇಂಗಾಲ, ದ್ವಿಬಂಧ ಒಂಬತ್ತನೆಯದರಲ್ಲೇ. ನಮಗೆ ಬೇಕಾದ ಜಾಗ! ಅದರ ಅಸಿಟೇಟ್ ತೆಗೆದುಕೊಂಡು, ಪೆಟ್ರೋಲಿಯಂನಿಂದ ಹೇರಳವಾಗಿ ಸಿಗುವ 1-ಹೆಕ್ಸೀನ್ ಜೊತೆ ಕ್ಯಾಟಲಿಸ್ಟ್ ಹಾಕಿದರೆ, ಓಲೈಲ್‌ನ ಮುಂದಿನ ಒಂಬತ್ತು ಇಂಗಾಲ ಉಳಿದು ಬಾಲದ ಒಂಬತ್ತು ಕಳಚುತ್ತವೆ, ಆ ಜಾಗಕ್ಕೆ ಹೆಕ್ಸೀನ್‌ನ ಐದು ಇಂಗಾಲ ಬಂದು ಕೂರುತ್ತವೆ. ಒಂಬತ್ತು ಕೂಡಿಸು ಐದು, ಹದಿನಾಲ್ಕು. ಒಂದೇ ಹಂತ. ಕಳಚಿದ ಬಾಲ ಕೂಡ ಕಸವಲ್ಲ, 1-ಡೆಸೀನ್ ಎಂಬ ಮಾರಾಟದ ಮಾಲು.

ತೊಡಕಿದ್ದದ್ದು ಆಕಾರದಲ್ಲಿ. ಗ್ರಬ್ಸ್‌ರ ಮೊದಲ ಎರಡೂ ಪೀಳಿಗೆಗಳು ಕೊಡುತ್ತಿದ್ದದ್ದು ಹೆಚ್ಚಾಗಿ ಟ್ರಾನ್ಸ್ ರೂಪ, ಅಂದರೆ ಸರಪಳಿಯ ಭಾಗಗಳು ಎದುರುಬದುರು ಪಕ್ಕಕ್ಕಿರುವುದು, ಪತಂಗಕ್ಕೆ ಬೇಕಾದದ್ದು ಸಿಸ್. 2009ರ ಹೊತ್ತಿಗೆ ಶ್ರಾಕ್ ಮತ್ತು ಹೊವೇದಾ ಮಾಲಿಬ್ಡಿನಂ, ಟಂಗ್‌ಸ್ಟನ್‌ಗಳಲ್ಲಿ ಸಿಸ್ ಕೊಡುವ ಕ್ಯಾಟಲಿಸ್ಟ್ ತಂದರು. 2011ರಲ್ಲಿ ಗ್ರಬ್ಸ್ ತಂಡ ರುಥೇನಿಯಂನಲ್ಲಿ ತಂದಿತು, 2013ರಲ್ಲಿ ಅದೇ ತಂಡ ಹಲವು ಕೀಟಗಳ ಫೆರೊಮೋನ್‌ಗಳನ್ನು ಅದರಿಂದ ಕೆಲವೇ ಹಂತಗಳಲ್ಲಿ ಮಾಡಿ ತೋರಿಸಿತು. ಗಾಳಿಗೆ ಕೆಡುವ ಮಾಲಿಬ್ಡಿನಂ ಕ್ಯಾಟಲಿಸ್ಟನ್ನು ಪ್ಯಾರಾಫಿನ್ ಮೇಣದ ಗುಳಿಗೆಯಲ್ಲಿ ಮುಚ್ಚಿ ಮಾರುವ ಉಪಾಯವೂ ಬಂತು. ಕ್ಯಾಲಿಫೋರ್ನಿಯಾದ ಪ್ರೊವಿವಿ ಕಂಪನಿ ಮೆಟಾಥೆಸಿಸ್ ಬಳಸಿ ಲದ್ದಿ ಹುಳುವಿನ ಫೆರೊಮೋನನ್ನು ಮಾರುಕಟ್ಟೆಗೇ ತಂದಿದೆ. ಎಣ್ಣೆಗಳನ್ನು ಈ ಕ್ರಿಯೆಗೆ ಒಡ್ಡುವುದೂ ಪ್ರಯೋಗಾಲಯದ ಮಾತಾಗಿ ಉಳಿದಿಲ್ಲ. ಇಂಡೋನೇಷ್ಯಾದ ಗ್ರೆಸಿಕ್‌ನಲ್ಲಿ 2013ರಲ್ಲೇ ತಾಳೆ ಎಣ್ಣೆಯ ದೊಡ್ಡ ಘಟಕ ಶುರುವಾಯಿತು. ಜರ್ಮನಿಯ ವರ್ಬಿಯೊ ಬಿಟರ್‌ಫೆಲ್ಡ್‌ನಲ್ಲಿ ರೇಪ್‌ಸೀಡ್ ಎಣ್ಣೆಗೆ ಇಂಥದೇ ಘಟಕ ಕಟ್ಟಲು ಕೈಹಾಕಿತು.

ನಮ್ಮ ಹೊಂಗೆ ಎಣ್ಣೆಯಲ್ಲಿ ಅರ್ಧದಷ್ಟು ಓಲಿಯಿಕ್ ಆಮ್ಲ. ಹಾಗೆಂದು ಗಾಣದ ಎಣ್ಣೆಯನ್ನೇ ರಿಯಾಕ್ಟರ್‌ಗೆ ಸುರಿಯಲು ಬರುವುದಿಲ್ಲ. ಹೊಂಗೆಯ ಕಹಿ ಪದಾರ್ಥಗಳನ್ನು ತೆಗೆಯಬೇಕು, ಹಳಸಿದ ಎಣ್ಣೆಯಲ್ಲಿ ಹುಟ್ಟುವ ಪೆರಾಕ್ಸೈಡ್‌ಗಳನ್ನು ತೆಗೆಯಬೇಕು. ಅವು ಕ್ಯಾಟಲಿಸ್ಟ್‌ಗೆ ನೇರ ವಿಷ. ಇದು ಕಷ್ಟದ ಕೆಲಸ, ಆದರೆ ನಮ್ಮ ಪ್ರೋಸೆಸ್ ಕೆಮಿಸ್ಟ್‌ಗಳು ದಿನಾ ಮಾಡುವಂಥ ಕೆಲಸ.

ಆಕ್ಷೇಪಗಳು ನನಗೂ ಹೊಳೆಯುತ್ತವೆ. ರುಥೇನಿಯಂ ಅಪರೂಪದ ಲೋಹ, ಪ್ಲಾಟಿನಂ ಗಣಿಗಳ ಉಪ ಉತ್ಪನ್ನ, ಬೆಲೆ ಏರಿಳಿಯುತ್ತದೆ. ಮಾಲಿಬ್ಡಿನಂ ಅಗ್ಗ, ಅದನ್ನು ಪಳಗಿಸಿದರೆ ಈ ಚಿಂತೆ ಕಡಿಮೆ. ಪ್ರತಿ ಕೀಟದ ಫೆರೊಮೋನ್ ಬೇರೆ ಬೇರೆ, ಹಾಗಾಗಿ ಒಂದೊಂದರ ಮಾರುಕಟ್ಟೆ ಚಿಕ್ಕದು. ಆದರೆ ಒಂದೇ ರಿಯಾಕ್ಟರ್, ಒಂದೇ ಕ್ರಿಯೆ, ಸರಪಳಿಯ ಉದ್ದ ಬದಲಿಸಿದರೆ ಕೀಟ ಬದಲಾಗುತ್ತದೆ: ರಾಯಚೂರಿನ ಹತ್ತಿಯ ಗುಲಾಬಿ ಕಾಯಿಕೊರಕದ್ದೂ ಇಂಥದೇ ನೇರ ಸರಪಳಿಯ ಅಸಿಟೇಟ್, ದ್ವಿಬಂಧ ಎರಡಿರುವುದರಿಂದ ಸ್ವಲ್ಪ ಹೆಚ್ಚು ಶ್ರಮ. ಯೀಸ್ಟ್‌ನಿಂದ ಹುದುಗಿಸಿ ಫೆರೊಮೋನ್ ತೆಗೆಯುವ ಡೆನ್ಮಾರ್ಕಿನ ಬಯೋಫೆರೊ ಕಂಪನಿಯನ್ನು 2022ರಲ್ಲಿ ದೊಡ್ಡ ಕೀಟನಾಶಕ ಕಂಪನಿಯಾದ ಎಫ್‌ಎಂಸಿ ಕೊಂಡುಕೊಂಡಿತು. ಅದು ಅಗ್ಗವಾದರೆ ಅದೇ ಗೆಲ್ಲಲಿ, ನನಗೆ ಕ್ರಿಯೆಯ ಮೇಲೆ ಅಭಿಮಾನ ಇರಬಹುದು, ಹಟವಿಲ್ಲ. ಎಲ್ಲಕ್ಕಿಂತ ಗಟ್ಟಿ ಆಕ್ಷೇಪ ಬೇರೊಂದಿದೆ. ಎರಡು ಎಕರೆಯವನು ಒಬ್ಬನೇ ವಾಸನೆ ತುಂಬಿದರೆ ಪ್ರಯೋಜನವಿಲ್ಲ, ಪಕ್ಕದ ಹೊಲದಲ್ಲಿ ಕೂಡಿದ ಹೆಣ್ಣು ಹಾರಿ ಬಂದು ಇಲ್ಲಿ ಮೊಟ್ಟೆ ಇಡುತ್ತದೆ. ಊರಿಗೆ ಊರೇ ಒಟ್ಟಾಗಿ ಮಾಡಬೇಕು. ಒಬ್ಬ ರೈತನಿಗೆ ಒಂದು ಬಾಟಲಿ ಮಾರುವ ಅಂಗಡಿಗೆ ಇದು ಒಗ್ಗುವ ವ್ಯಾಪಾರವಲ್ಲ. ಖಾಸಗಿ ಕಂಪನಿ ತಾನಾಗಿ ಮುಂದೆ ಬರಲಿ ಎಂದು ಕಾಯಲಾಗದಿರುವುದು, ಸರ್ಕಾರ ಕೈಹಾಕಲೇಬೇಕಾಗಿರುವುದು ಇದೇ ಕಾರಣಕ್ಕೆ.

ನಾನು ಕೇಳುವುದು ಮೂರು. ಮೊದಲನೆಯದು, ಒಂದು ಪೈಲಟ್ ಘಟಕ. ದೊಡ್ಡ ಕಾರ್ಖಾನೆ ಬೇಡ, ಕೆಲವು ನೂರು ಲೀಟರ್‌ನ ರಿಯಾಕ್ಟರ್‌ಗಳು, ಒಂದು ಡಿಸ್ಟಿಲೇಷನ್ ಕಾಲಂ, ಸಿಸ್–ಟ್ರಾನ್ಸ್ ಅಳೆಯುವ ಗ್ಯಾಸ್ ಕ್ರೊಮಾಟೊಗ್ರಾಫ್. ಹೆಬ್ಬಾಳದಲ್ಲಿ ಕೇಂದ್ರ ಸರ್ಕಾರದ ಕೃಷಿ ಕೀಟ ಸಂಪನ್ಮೂಲ ಸಂಸ್ಥೆ ಇದೆ, ಊರಾಚೆ ಜಕ್ಕೂರಿನಲ್ಲಿ ಜವಾಹರಲಾಲ್ ನೆಹರೂ ಕೇಂದ್ರವಿದೆ, ಮಲ್ಲೇಶ್ವರದ ದಾರಿಯಲ್ಲಿ ವಿಜ್ಞಾನ ಸಂಸ್ಥೆ ಇದೆ. ಕೀಟ ಬಲ್ಲವರಿಗೂ ಕ್ಯಾಟಲಿಸ್ಟ್ ಬಲ್ಲವರಿಗೂ ನಡುವಿನ ದೂರ ಬಿಎಂಟಿಸಿ ಬಸ್ಸಿನದು. 1990ರ ದಶಕದ ಮೊದಲ ಪೀಳಿಗೆಯ ಪೇಟೆಂಟ್‌ಗಳಿಗೆ 20 ವರ್ಷದ ಆಯುಷ್ಯ ತೀರಿದೆ, ಕ್ಯಾಟಲಿಸ್ಟನ್ನೇ ಇಲ್ಲಿ ತಯಾರಿಸಲು ಅಲ್ಲಿಂದ ಶುರು ಮಾಡಬಹುದು. ಸಿಸ್ ಕೊಡುವ ಹೊಸವುಗಳಿಗೆ ಪರವಾನಗಿ ಪಡೆಯಬೇಕಾದರೆ ಸರ್ಕಾರವೇ ಮಾತಾಡಲಿ.

ಎರಡನೆಯದು, ಎರಡು ಹಂಗಾಮಿನ ಬಯಲು ಪರೀಕ್ಷೆ. ರಾಣೆಬೆನ್ನೂರು, ದಾವಣಗೆರೆ ಕಡೆ ಒತ್ತಟ್ಟಿಗಿರುವ ಗೋವಿನಜೋಳದ ಹೊಲಗಳನ್ನು ಹೋಬಳಿ ಲೆಕ್ಕದಲ್ಲಿ ಆರಿಸಿ, ಅರ್ಧಕ್ಕೆ ವಾಸನೆ, ಅರ್ಧಕ್ಕೆ ಈಗಿನ ಸಿಂಪಡಣೆ. ನಡೆಸುವವರು ಕೃಷಿ ವಿಶ್ವವಿದ್ಯಾಲಯದವರು. ಮಾರುವವರನ್ನು ದೂರ ಇಡಬೇಕು. ಇಳುವರಿ, ಖರ್ಚು, ಹುಳುವಿನ ಎಣಿಕೆ ಎಲ್ಲವೂ ಬಹಿರಂಗವಾಗಬೇಕು. ಉಪಯೋಗವಿಲ್ಲ ಎಂದು ಬಂದರೆ ಅದೂ ಬಹಿರಂಗವಾಗಬೇಕು.

ಮೂರನೆಯದು, ಕೊಳ್ಳುವ ಭರವಸೆ. ರೈತ ಸಂಪರ್ಕ ಕೇಂದ್ರಗಳಲ್ಲಿ ಕೀಟನಾಶಕಕ್ಕೆ ರಿಯಾಯಿತಿ ಕೊಡುತ್ತೇವೆ. ಪರೀಕ್ಷೆಯಲ್ಲಿ ಗೆದ್ದರೆ ಅದೇ ಹಣದ ಒಂದು ಪಾಲನ್ನು ಫೆರೊಮೋನ್‌ಗೆ ತಿರುಗಿಸಿ, ಐದು ವರ್ಷ ಇಷ್ಟು ಕಿಲೋ ಕೊಳ್ಳುತ್ತೇವೆ ಎಂದು ಬರೆದುಕೊಡಬೇಕು. ಅಂಥ ಕಾಗದ ಕೈಯಲ್ಲಿದ್ದರೆ ಬೊಮ್ಮಸಂದ್ರ, ಜಿಗಣಿಗಳ ಎಷ್ಟೋ ಘಟಕಗಳು ಖಾಲಿ ಇರುವ ರಿಯಾಕ್ಟರ್ ತೊಳೆದು ನಿಲ್ಲುತ್ತವೆ. ಕಾಂಟ್ರಾಕ್ಟ್ ಎಂದರೆ ಏನೆಂದು ಅವರಿಗೆ ಹೇಳಿಕೊಡಬೇಕಿಲ್ಲ, ಆರ್ಡರ್ ಬಂದರೆ ಮಾಲು ಮಾಡುವವರು ಅವರು.

ಪ್ರೊಪಿಲೀನ್‌ನಲ್ಲಿ ಎಥಿಲೀನ್ ಕಂಡವರಿಂದ ಗ್ರಬ್ಸ್‌ರ ಬಾಟಲಿಯವರೆಗೆ ಸುಮಾರು ಮೂವತ್ತೈದು ವರ್ಷ ಹಿಡಿಯಿತು. ಅದರ ಖರ್ಚನ್ನು ಪೆಟ್ರೋಲಿಯಂ ಕಂಪನಿಗಳೂ ಬೇರೆ ದೇಶಗಳ ತೆರಿಗೆದಾರರೂ ಕೊಟ್ಟಾಗಿದೆ. ನಮ್ಮ ಪಾಲಿಗೆ ಉಳಿದಿರುವುದು ಕೊನೆಯ ತುಂಡು: ಎಣ್ಣೆ ಶುದ್ಧ ಮಾಡುವುದು, ಪಿಪಿಎಂ ಇಳಿಸುವುದು, ಕಿಲೋಗೆ ಎಷ್ಟು ಬೀಳುತ್ತದೆ ಎಂದು ಲೆಕ್ಕ ಹಾಕುವುದು. ಮುಂದಿನ ಬಜೆಟ್‌ಗೆ ಕೃಷಿ ಇಲಾಖೆ ತನ್ನ ಬೇಡಿಕೆ ಪಟ್ಟಿ ಬರೆಯುವಾಗ ಕೀಟನಾಶಕದ ಸಾಲಿನ ಕೆಳಗೆ ಫೆರೊಮೋನ್ ಘಟಕಕ್ಕೊಂದು ಸಾಲು ಸೇರಿಸಲಿ. ಮೊತ್ತ ಎಷ್ಟೆಂದು ಕೇಳಿದರೆ ಅಂದಾಜು ಪಟ್ಟಿ ತಯಾರಿಸಿ ಕೊಡಲು ನನ್ನಂಥ ನಿವೃತ್ತರು ಬೆಂಗಳೂರಿನಲ್ಲಿ ಬೇಕಾದಷ್ಟು ಮಂದಿ ಇದ್ದೇವೆ, ಶುಲ್ಕವೂ ಬೇಡ.